ಕೇಳದೆ ತೆಗೆಯದ ಹಮ್ಮಣ್ಣ

ಇಂದು ನಳದ ನೀರು ಬಂದಾಗ ಎರಡೂ ಡ್ರಮ್ಮು ತುಂಬಿಸಿದೆ. ಅತ್ತೆಯ ಹಾಸಿಗೆಯ ಬಟ್ಟೆ ತೊಳೆದು ಹಾಕಿದೆ. ನಾಳೆಯ ದೋಸೆಗೆ ಉದ್ದು ನೆನೆಸಿದೆ. ಅತ್ತೆಗೆ ತಲೆ ಬಾಚಿ, ಮಾತ್ರೆ ಕೊಟ್ಟು, ಪಕ್ಕದ ಮನೆಯ ಶಾಂತಕ್ಕನನ್ನು ಅವರ ಜೊತೆ ಕೂರಿಸಿ, ನಾನೂ ನಮ್ಮವರೂ ಬೊಬ್ರುವಾಡಕ್ಕೆ ಹೋಗಿ ಹಮ್ಮಣ್ಣನ ಹನ್ನೆರಡನೆಯ ದಿನದ ಊಟ ಮುಗಿಸಿ ಬಂದೆವು.

ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ ಹಮ್ಮಣ್ಣನದು ಒಂದು ತಗಡಿನ ಗೂಡಂಗಡಿ. ಕುಲುಪು, ಚಾವಿ, ಕಪಾಟಿನ ಬಾಗಿಲು ಎಲ್ಲ ರಿಪೇರಿ ಮಾಡುತ್ತಿದ್ದ. ಆದರೆ ಹೆಸರು ಬಂದದ್ದು ಚಾವಿ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡ ಕಾರುಗಳಿಂದ. ಕಾರವಾರದ ಬೀಚಿನಿಂದ, ಸದಾಶಿವಗಡದ ಕಡೆಯಿಂದ ಫೋನು ಬರುತ್ತಿತ್ತು. ಹಳೇ ಸ್ಕೂಟರಿನ ಮೇಲೆ ಚೀಲ ನೇತುಹಾಕಿಕೊಂಡು ಹೋಗುತ್ತಿದ್ದ. ಹೋದವನು ಕೂಡಲೇ ಕಾರಿಗೆ ಕೈ ಹಚ್ಚುತ್ತಿರಲಿಲ್ಲ. ಕರೆದವರನ್ನು ಕಾರಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ.

"ಒಳಗೆ ಎಂತೆಂತಾ ಅದೆ, ಹೇಳಿ ನೋಡ್ವಾ."

"ನನ್ನ ಕಾರು ಮಾರಾಯಾ!" ಎಂದು ಯಾರಾದರೂ ರೇಗಿದರೆ, "ಮಾಲಕನ ಕೈಲೂ ಚಾವಿ ಇಲ್ಲ, ಕಳ್ಳನ ಕೈಲೂ ಇಲ್ಲ. ನಂಗೆ ಹ್ಯಾಂಗೆ ಗುರ್ತು ಆಗೂದು?" ಎನ್ನುತ್ತಿದ್ದ. ಒಮ್ಮೆ ಬೀಚಿನಲ್ಲಿ ಒಬ್ಬರು ಹೆಂಡತಿ ಮುಂದೆ ಬಾಯಿ ಬಿಡಲಾರದೆ, ಇವನ ಕಿವಿಯಲ್ಲಿ ಸಿಗರೇಟು ಪ್ಯಾಕಿನ ಸುದ್ದಿ ಹೇಳಿದರಂತೆ. ಬಾಗಿಲು ತೆಗೆದ ಮೇಲೆ ಆ ಹೆಂಡತಿಯೇ ನೇರ ಡ್ಯಾಶ್‌ಬೋರ್ಡಿಗೆ ಕೈ ಹಾಕಿದಳಂತೆ. "ನಾ ಒಂದು ಕುಲುಪು ತೆಗದೆ, ಅವಳು ಇನ್ನೊಂದು ತೆಗದ್ಲು" ಎಂದು ಹೇಳಿಕೊಂಡು ನಗುತ್ತಿದ್ದ.

ಅವನ ಚೀಲದಲ್ಲಿದ್ದ ಸಾಮಾನು ನನಗೆ ಚೆನ್ನಾಗಿ ನೆನಪಿದೆ. ಬಟ್ಟೆ ಸುತ್ತಿದ ಮರದ ಬೆಣೆ. ಬಿ.ಪಿ. ನೋಡುವ ಪಟ್ಟಿಯಂಥ ಚಪ್ಪಟೆ ಗಾಳಿಚೀಲ, ಅದಕ್ಕೊಂದು ಒತ್ತುವ ರಬ್ಬರ್ ಉಂಡೆ. ತುದಿ ಬಾಗಿಸಿದ ಉದ್ದ ಸರಳು. ಬಣ್ಣ ಕೆರೆಯಬಾರದೆಂದು ಅದರ ತುದಿಗೆ ಸೈಕಲ್ ವಾಲ್ವಿನ ರಬ್ಬರು ಹಾಕಿದ್ದ. ಕೊಡೆಯ ಕಡ್ಡಿಯನ್ನು ಅರದಿಂದ ತಿಕ್ಕಿ ಮಾಡಿದ ಸಣ್ಣ ಕೊಕ್ಕೆಗಳೂ ಇದ್ದವು. ಗಾಜಿನ ಸಂದಿಯಲ್ಲಿ ಇಳಿಸುವ ಉಕ್ಕಿನ ಪಟ್ಟಿಯೊಂದಿತ್ತು. ಅದನ್ನು ಹಳೆಯ ಗಾಡಿಗೆ ಮಾತ್ರ ಬಳಸುತ್ತಿದ್ದ. ಹೊಸ ಗಾಡಿಯ ಬಾಗಿಲೊಳಗೆಲ್ಲ ವೈರು, ಒಂದು ಕಿತ್ತರೆ ಗಾಜು ಏರುವುದಿಲ್ಲ, ಇಳಿಯುವುದಿಲ್ಲ. ಕಂಪ್ಯೂಟರಿನ ಚಾವಿಯಾದರೆ "ಅದು ನಂಗೆ ಬರೂದಿಲ್ಲ" ಎಂದು ಕಾರವಾರದ ಅಂಗಡಿಗೆ ಕಳಿಸುತ್ತಿದ್ದ.

ಅತ್ತೆಗೆ ಮರೆವು ಹಿಡಿದ ಹೊಸತು. ಬೇಸಿಗೆಯ ಒಂದು ಬೆಳಿಗ್ಗೆ, ಕಾರವಾರದಲ್ಲಿ ರಕ್ತ ತಪಾಸಣೆ ಇದೆಯೆಂದು ಅವರನ್ನು ಖಾಲಿ ಹೊಟ್ಟೆಯಲ್ಲೇ ಹೊರಡಿಸಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಹಳೆ ರಿಪೋರ್ಟಿನ ಝೆರಾಕ್ಸ್ ಮಾಡಿಸಲು ಪೇಟೆಯಲ್ಲಿ ಕಾರು ನಿಲ್ಲಿಸಿದೆವು. ಧೂಳು ಬೀಳಬಾರದೆಂದು ಗಾಜು ಏರಿಸಿ, ಫ್ಯಾನು ತಿರುಗಲೆಂದು ಚಾವಿ ಹಾಗೇ ಬಿಟ್ಟು, ನಮ್ಮವರು, "ಆಯೀ, ಯಾರು ಬಂದ್ರೂ ಬಾಗ್ಲು ತೆಗೀಬೇಡ" ಎಂದು ಇಳಿದರು. ನಾನು ನೀರಿನ ಬಾಟಲಿ ತರಲು ಹೋದೆ. ಮುಂದಿನ ಸೀಟಿನಲ್ಲಿದ್ದ ಅತ್ತೆ ಮಗನ ಮಾತು ಪಾಲಿಸಿ, ಆಚೆ ಬಾಗಿ ಡ್ರೈವರ್ ಬದಿಯ ಗುಂಡಿ ಒತ್ತಿದರು. ಅದೊಂದು ಒತ್ತಿದರೆ ನಾಲ್ಕೂ ಬಾಗಿಲು ಲಾಕ್ ಆಗುವ ಗಾಡಿ ಅದು. ನಾವು ಬಂದಾಗ ಅವರಿಗೆ ನಮ್ಮ ಗುರುತು ಹತ್ತಲಿಲ್ಲ. ಮಗ ಗಾಜು ಬಡಿದಷ್ಟೂ ಸೀಟಿಗೆ ಒತ್ತಿಕೊಂಡರು. ಇನ್ನೊಂದು ಚಾವಿ ಎಂದೋ ಕಳೆದಿತ್ತು. ಬಿಸಿಲು ಏರುತ್ತಿತ್ತು, ಅತ್ತೆಯ ಹಣೆ ಬೆವರುತ್ತಿತ್ತು.

ಹಮ್ಮಣ್ಣ ಬಂದ. ಡ್ರೈವರ್ ಬದಿಯ ಬಾಗಿಲ ಮೇಲಿನ ಮೂಲೆಗೆ ಬೆಣೆ ಕೊಟ್ಟ, ಗಾಳಿಚೀಲ ತುರುಕಿ ಉಂಡೆ ಒತ್ತಿದ. ಸಂದಿ ಬಿಟ್ಟಿತು. ಸರಳು ಒಳಗೆ ಇಳಿಯಿತು.

"ಹಾವು! ಹಾವು!" ಅತ್ತೆ ಚೀರಿ ಎರಡೂ ಕೈಯಿಂದ ಗುಂಡಿ ಅದುಮಿ ಹಿಡಿದರು. ಹಮ್ಮಣ್ಣ ಸರಳಿನಿಂದ ಗುಂಡಿ ಎತ್ತುವುದು, ಅವರು ಅದುಮುವುದು. ಸುತ್ತ ನಿಂತವರಲ್ಲಿ ಒಬ್ಬ, "ಹಮ್ಮಣ್ಣಗೆ ಸರೀ ಕುಲುಪು ಸಿಕ್ತು ನೋಡಾ ಇವತ್ತು!" ಎಂದ. ಜನ ನಕ್ಕರು.

ನಮ್ಮವರು ರಸ್ತೆಬದಿಯ ಕಲ್ಲು ಎತ್ತಿಕೊಂಡರು. "ಆಚೆ ಸರಿ ಹಮ್ಮಣ್ಣಾ, ನಾ ಗಾಜು ಒಡೀತೆ."

"ಚೂರು ಯಾರ ಮೈಮೇಲೆ ಬೀಳ್ತದೆ ತಮ್ಮಾ? ತಡಿ ಸ್ವಲ್ಪ."

ಹಮ್ಮಣ್ಣ ಸರಳು ಹೊರಗೆಳೆದು ಅತ್ತೆಗೆ ಕಾಣದ ಹಾಗೆ ನೆಲಕ್ಕಿಟ್ಟ. ಬೆಣೆ ಮಾತ್ರ ಹಾಗೇ ಬಿಟ್ಟ. ಆ ಸಂದಿಗೆ ಬಾಯಿ ಹಚ್ಚಿ, "ಆಯೀ, ಈ ಗಾಡಿ ಯಾರದ್ದು?" ಎಂದು ಕೇಳಿದ.

"ನಂದು!"

"ಹಂಗಾರೆ ಒಳಗೆ ಎಂತೆಂತಾ ಅದೆ ಹೇಳಿ. ನಂಗೆ ಗುರ್ತು ಆಗಬೇಕಲ್ದಾ?"

ಅತ್ತೆ ಸುತ್ತ ನೋಡಿದರು. "ನನ್ನ ಎಲೆ-ಅಡಿಕೆ ಕವಳದ ಸಂಚಿ. ಕೊಡೆ. ಇದು… ಇದು ಮಗನ ಟವೆಲ್ಲು."

"ಮಗ ಎಲ್ಲಿ?"

ಅತ್ತೆ ಗಾಜಿನಾಚೆ ಕಣ್ಣು ಕಿರಿದು ಮಾಡಿ ಹುಡುಕಿದರು. "ಅಲ್ಲೇ ಅದಾನಲ್ಲ! ಕಲ್ಲು ಹಿಡ್ಕಂಡು ಎಂತಾ ಮಾಡ್ತಾ ಅವ?"

ನಮ್ಮವರ ಕೈಯಿಂದ ಕಲ್ಲು ಬಿತ್ತು.

"ನಿಮ್ಮನ್ನೇ ಕಾಯ್ತಾ ಅವ. ಬಾಗ್ಲು ನಾ ತೆಗೀಲಾ, ನೀವೇ ತೆಗೀತ್ರಾ?"

"ಯಂತಕೆ, ನಂಗೆ ಕೈ ಇಲ್ವಾ?" ಎನ್ನುತ್ತ ಅತ್ತೆ ತಾವೇ ಗುಂಡಿ ಎತ್ತಿದರು. ಆ ದಿನ ಕಾರವಾರಕ್ಕೆ ಹೋಗಲಿಲ್ಲ. ಅಲ್ಲೇ ಹೋಟೆಲಿನಲ್ಲಿ ಅವರಿಗೆ ಇಡ್ಲಿ ತಿನ್ನಿಸಿದೆವು.

ನಮ್ಮವರಿಗೆ ಹೆದರಿಕೆ ಹೊಕ್ಕಿತು. ಮನೆಯಲ್ಲೂ ಆಯಿ ಕೋಣೆಯ ಚಿಲಕ ಹಾಕಿಕೊಂಡು ಒಳಗೆ ಬಿದ್ದರೆ? ಚಿಲಕ ಕಿತ್ತುಹಾಕಲು ಹಮ್ಮಣ್ಣನನ್ನೇ ಕರೆಸಿದರು. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅತ್ತೆಯ ಮಂಚದ ಹತ್ತಿರ ಕೂತ. "ಆಯೀ, ಚಿಲಕ ತೆಗೀಲಾ?"

"ತೆಗದ್ರೆ ನಾ ಸೀರೆ ಉಡೂದು ಎಲ್ಲಿ, ಪೇಟೆಲಾ?"

ಹಮ್ಮಣ್ಣ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿದ. ಎರಡು ದಿನ ಬಿಟ್ಟು ಬೇರೆ ಚಿಲಕ ತಂದು ಕೂರಿಸಿದ. ಒಳಗಿನಿಂದ ಹಾಕಿಕೊಳ್ಳಬಹುದು, ಬೇಕೆಂದರೆ ಹೊರಗಿನ ಸೀಳಿಗೆ ಒಂದು ಚಪ್ಪಟೆ ಚಾವಿ ಕೊಟ್ಟು ತಿರುಗಿಸಲೂಬಹುದು. ಆ ಚಾವಿಯನ್ನು ನಮ್ಮವರ ಕೈಗೆ ಕೊಡುವಾಗ, "ಮೊದ್ಲು ಬಡೀಬೇಕು. ಕರೀಬೇಕು. ಕಾಯ್ಬೇಕು. ಮಾತೇ ಬರದಿದ್ರೆ ಮಾತ್ರ ಇದು" ಎಂದ.

"ಅಷ್ಟರಲ್ಲಿ ಬಿದ್ದುಗಿದ್ದು ಹೋದ್ರೆ?"

"ಬಿದ್ರೂ ಬೀಳ್ಬಹುದು. ಅದಕ್ಕೇ ಚಾವಿ ಕೊಟ್ಟದ್ದು. ಆದ್ರೆ ಬೀಳದಿದ್ದ ದಿನವೇ ಹೆಚ್ಚಲ್ದಾ ತಮ್ಮಾ?"

ನಮ್ಮವರು ಒಪ್ಪಿದ ಹಾಗೆ ಕಾಣಲಿಲ್ಲ. ಎಷ್ಟೋ ಸಲ ಬಡಿಯದೆಯೇ ಚಾವಿ ತಿರುಗಿಸಿದ್ದಾರೆ, ಅತ್ತೆ ಅರ್ಧ ಉಟ್ಟ ಸೀರೆಯಲ್ಲಿ ಗೋಡೆಗೆ ತಿರುಗಿ ನಿಂತದ್ದನ್ನು ನಾನು ನೋಡಿದ್ದೇನೆ. ಹಮ್ಮಣ್ಣ ಕಡೆಯ ಸಲ ಬಂದದ್ದು ಮಳೆಗಾಲಕ್ಕೆ ಮುಂಚೆ, ಚಿಲಕ ಬಿಗಿಯಾಗಬಾರದೆಂದು ಎಣ್ಣೆ ಬಿಡಲು. ಕೆಮ್ಮುತ್ತಿದ್ದ. ಚಹಾ ಬೇಡವೆಂದ. ಚಿಲಕವನ್ನು ನಾಲ್ಕಾರು ಸಲ ಆಡಿಸಿ ನೋಡಿ ಹೋದ.

ಇಂದು ಅವನ ಮನೆಯಿಂದ ಬಂದಾಗ ಅತ್ತೆ ಯಾರ ಮನೆಯ ಊಟವೆಂದು ಕೇಳಿದರು. ನಮ್ಮವರು ಹೇಳಿದರು. "ಯಾವ ಹಮ್ಮಣ್ಣಾ?" ಎಂದರು. ಎಷ್ಟು ಬಿಡಿಸಿ ಹೇಳಿದರೂ ನೆನಪಾಗಲಿಲ್ಲ. ಸಂಜೆ ಬೇಗ ಉಂಡು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತು ಒಳಗಿನಿಂದ ಸದ್ದಿಲ್ಲ. ನಮ್ಮವರು ಚಾವಿ ತೆಗೆದುಕೊಂಡು ಬಾಗಿಲ ಮುಂದೆ ನಿಂತರು. ಬಡಿದರು. "ಆಯೀ" ಎಂದರು. ಚಾವಿ ಸೀಳಿನವರೆಗೆ ಹೋದದ್ದು ಅಲ್ಲೇ ನಿಂತಿತು. ಮತ್ತೆ ಬಡಿದು ಕಾದರು. ನಾನೂ ಅಡುಗೆಮನೆಯ ನಲ್ಲಿ ಬಂದ್ ಮಾಡಿ ಕಾದೆ.

"ಎಂತಾ?" ಒಳಗಿನಿಂದ ಬಂತು.

"ಎಂತಾ ಇಲ್ಲ ಆಯಿ."

"ಎಂತಾ ಇಲ್ದೆ ಬಡೀತ್ಯಾ? ಹೋಗಿ ಉಣ್ಣು."

ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಮಧ್ಯಾಹ್ನದ ಊಟವೇ ಹೊಟ್ಟೆಯಲ್ಲಿದ್ದುದರಿಂದ ಇಬ್ಬರೂ ಸ್ವಲ್ಪವೇ ಉಂಡೆವು. ಮೊದಲು ನಿದ್ದೆ ಹೋದವರು ಅತ್ತೆ. ಮುಚ್ಚಿದ ಬಾಗಿಲಿನ ಆಚೆಯಿಂದ ಅವರ ಗೊರಕೆ ಕೇಳುತ್ತಿತ್ತು.