ಕಾರ್ಡಿನ ಎರಡನೆಯ ಚೌಕ

ಕಲ್ಯಾಣಪುರದ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದ ಸಾಲ್ವದೋರ್ ಅಜ್ಜ, ನೀರುಪಾಲಾದವರನ್ನು ಮೇಲೆತ್ತುವುದರಲ್ಲಿ ಹೆಸರಾದವನು. ಎತ್ತಿ ಮಲಗಿಸಿದವನ ಮೂಗಿನ ಕೆಳಗೆ ಕೋಳಿಗರಿ ಹಿಡಿದು, ಅದು ಅಲುಗುವುದಿಲ್ಲವೆಂದು ಖಾತ್ರಿಯಾಗುವ ತನಕ ಬೆರಳಿನ ಉಂಗುರ ತೆಗೆಯಲು ಆ ಮನುಷ್ಯನ ಹೆಂಡತಿಗೂ ಬಿಡುತ್ತಿರಲಿಲ್ಲ. ಅವನ ಮಗಳು ಸೆರಾಫಿನ್ ಊರಿನ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ. ಅವಳ ಮಗನೇ ವಲೇರಿಯನ್. ಹಡಗಿನ ಅಡುಗೆಯವನಾಗಿ ಊರು ಬಿಟ್ಟು, ಪರದೇಶದ ಕ್ಯಾನ್ಯನ್ ಪಾರ್ಕ್ ಎಂಬಲ್ಲಿ ಒಂದು ಕಂಪನಿ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದ. ಹೆಂಡದ ಹನಿ ಮುಟ್ಟದವನ ಲಿವರ್, ಎಂದೋ ತಗುಲಿದ ಕಾಮಾಲೆಯ ಸೋಂಕಿನಿಂದ ಕೈಚೆಲ್ಲಿ ಕೂತಿತ್ತು. ಡಾಕ್ಟರು ಕೊಟ್ಟ ಗಡುವು ಎರಡು ತಿಂಗಳು.

ಅಷ್ಟರಲ್ಲಿ ತಂಗಿ ಲವೀನಾಳ ಗಂಡ ನಾತಾನನ ತಲೆಯೊಳಗೆ ರಕ್ತನಾಳ ಒಡೆಯಿತು. ಮಿದುಳು ಸತ್ತಿದೆ, ಆದ್ದರಿಂದ ಮನುಷ್ಯ ಸತ್ತಿದ್ದಾನೆ ಎಂದರು ಡಾಕ್ಟರು. ಯಂತ್ರದ ಗಾಳಿಗೆ ಎದೆ ಏರಿಳಿಯುತ್ತಿತ್ತು; ಹೃದಯ ಬಡಿಯುತ್ತಲೇ ಇತ್ತು. ನಾತಾನ್ ಯೆಹೂದಿ. ಅವರ ಧರ್ಮಪಂಡಿತರಲ್ಲೇ ಎರಡು ಪಕ್ಷ. ಉಸಿರು ತಾನಾಗಿ ಮರಳದಂತೆ ನಿಂತರೆ ಅದೇ ಸಾವು, ಅಂಗ ಕೊಟ್ಟು ಜೀವ ಉಳಿಸುವುದು ಪುಣ್ಯ ಎಂದು ಕೆಲವರು. ಹೃದಯ ಬಡಿಯುವಷ್ಟು ಹೊತ್ತು ಅವನು ಬದುಕಿದ್ದಾನೆ, ಅಂಗ ತೆಗೆದರೆ ಕೊಲೆ ಎಂದು ಕೆಲವರು. ನಾತಾನನ ಗುರು ಎರಡನೆಯ ಪಕ್ಷದವರು.

ಎರಡು ವರ್ಷದ ಕೆಳಗೆ ಅಂಗದಾನದ ಕಾರ್ಡು ತುಂಬುವಾಗ ಕನ್ನಡಕ ಸಿಗದೆ, ನಾತಾನ್ ಪೆನ್ನನ್ನು ವಲೇರಿಯನ್‌ನ ಕೈಗೇ ಕೊಟ್ಟಿದ್ದ. ಅಂಗ ಯಾವಾಗ ತೆಗೆಯಬಹುದು ಎಂಬುದಕ್ಕೆ ಚೌಕ ಎರಡಿದ್ದವು: ಮಿದುಳು ಸತ್ತ ಮೇಲೆ, ಹೃದಯ ನಿಂತ ಮೇಲೆ.

"ಎರಡನೇದು ಹಾಕು, ಬಾವ," ಎಂದಿದ್ದ, ಹೆಂಡತಿಯಿಂದ ಕಲಿತ ಕನ್ನಡದಲ್ಲಿ.

"ಹೃದಯ ನಿಂತ ಮೇಲೆ ನಿನ್ನ ಲಿವರ್ ನಾಯಿಗೂ ಬೇಡ, ಮಾರಾಯ," ಎಂದು ನಗುತ್ತ ವಲೇರಿಯನ್ ಗುರುತು ಹಾಕಿದ್ದ.

ಈಗ ಆಸ್ಪತ್ರೆಯ ಬೆಂಚಿನಲ್ಲಿ ಲವೀನಾ ಆ ಕಾರ್ಡನ್ನು ಪರ್ಸಿನಿಂದ ತೆಗೆದಳು.

"ಇದನ್ನ ಇಲ್ಲಿ ಯಾರೂ ನೋಡ್ಲಿಲ್ಲ, ಅಣ್ಣ. ಹರ್ದು ಬಿಸಾಡಿ, ಲಿವರ್ ನಿಂಗೆ ಕೊಡ್ಲಿಕ್ಕೆ ನಾನು ಸೈನ್ ಹಾಕ್ತೇನೆ. ಅವ್ರ ರಕ್ತದ ಗುಂಪು ನಿಂಗೆ ಸರಿ ಹೋಗ್ತದಂತೆ. ಹೃದಯ ನಿಲ್ಲೋವರೆಗೆ ಕಾದ್ರೆ ಲಿವರ್ ಕೆಡ್ತದೆ. ಅವ್ರು ಹೋದ್ರು. ನೀನೂ ಹೋದ್ರೆ ನಂಗೆ ಯಾರುಂಟು?"

ವಲೇರಿಯನ್ ಗಾಜಿನಾಚೆ ನೋಡಿದ. ನಾತಾನನ ಬೆರಳಲ್ಲಿ ಉಂಗುರ ಹಾಗೇ ಇತ್ತು. ಅಜ್ಜನ ಗರಿ ಹಿಡಿದಿದ್ದರೂ ಇಲ್ಲಿ ಸುಳ್ಳು ಹೇಳುತ್ತಿತ್ತು, ಅದನ್ನು ಅಲುಗಿಸುವುದು ಯಂತ್ರ. ಬದುಕುವ ಆಸೆ ಅವನಿಗೂ ಇತ್ತು; ಆದರೂ ಕಾರ್ಡನ್ನು ಅವಳ ಕೈಯಿಂದ ತೆಗೆದು ಪರ್ಸಿಗೇ ಮರಳಿ ಹಾಕಿದ.

"ಹರೀಬೇಡ. ನನ್ನ ಕೇಳಿದ್ರೆ ಅವ ಸತ್ತಿದ್ದಾನೆ. ಆದ್ರೆ ಅವನು ಹೇಳಿದ ಹಾಗೆ ಗುರುತು ಹಾಕಿದ್ದು ನನ್ನ ಕೈ. ಆ ಲಿವರ್ ನಂಗೆ ಬೇಡ, ಲವೀನಾ. ಮನೆಗೆ ಬಿಡ್ಲಿಕ್ಕೂ ಬರ್ಬೇಡ. ನೀನು ಅವನ ಹತ್ರ ಕೂತ್ಕೋ, ನಾನು ಬಸ್ಸಲ್ಲಿ ಹೋಗ್ತೇನೆ."