ಕೆಳಗೆ ನೋಡುವ ಮುಖಕ್ಕೊಂದು ಪದ

ಕಳೆದ ವಾರ ಎದುರಿನ ಫ್ಲ್ಯಾಟಿಗೆ ಬಣ್ಣ ಬಳಿಯುತ್ತಿದ್ದರು. ಪೇಂಟಿನ ವಾಸನೆ ಕಾರಿಡಾರ್ ದಾಟಿ ನಮ್ಮ ಅಡುಗೆಮನೆಯವರೆಗೂ ಬಂತು. ಆ ಗೋಡೆಗಳ ನಡುವೆ ಒಂದು ಕಾಲದಲ್ಲಿ ಟೀಚರ್ ಇದ್ದರು... ಅವರು ಹೋದ ಮೇಲೆ ಯಾರು ಯಾರೋ ಬಂದರು, ಹೋದರು. ನನಗೆ ಅದು ಇವತ್ತಿಗೂ ಟೀಚರ ಮನೆಯೇ.

ನಾನು ಮದುವೆಯಾಗಿ ಬಹ್ರೇನಿಗೆ, ಗುದೈಬಿಯಾದ ಈ ಹಳೆಯ ಕಟ್ಟಡಕ್ಕೆ ಬಂದಾಗ ಅವರು ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು. ಅವರ ಗಂಡನಿಗೆ ಅದ್ಲಿಯಾದ ಹೋಟೆಲಿನಲ್ಲಿ ಕೆಲಸ, ಮಗಳು ಇನ್ನೂ ಶಾಲೆಯಲ್ಲಿ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಬೈಬಲ್ ಅಧ್ಯಯನ. ಕೊಂಕಣಿಯವರು, ತುಳುವಿನವರು ಎಲ್ಲ ಕೂಡುತ್ತಿದ್ದುದರಿಂದ ಮಾತು ಕನ್ನಡದಲ್ಲಿ. ಪಾದ್ರಿಯಾಗಿದ್ದ ಸೋದರಮಾವ ಚಿಕ್ಕಂದಿನಲ್ಲೇ ಅವರಿಗೆ ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್ ಕಲಿಸಿದ್ದರಂತೆ. ಟೀಚರ್ ಒಂದು ಪದ ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಅದು ಎಲ್ಲಿ ಬಂದಿದೆ, ಯಾರಿಗೆ ಹೇಳಿದ್ದು ಎಂದು ನಗುನಗುತ್ತಲೇ ಬಿಡಿಸಿ ಹೇಳುವರು. ನಮ್ಮ ಗುಂಪಿನಲ್ಲಿ ಅಷ್ಟು ದೊಡ್ಡದಾಗಿ ನಗುವವರು ಬೇರೆ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಅವರ ಗಂಡ ಲಿಫ್ಟಿನ ಮುಂದೆ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ದೇಹದ ಜೊತೆ ಊರಿಗೆ ಹೋದ ಟೀಚರ್, ಮಗಳ ಪರೀಕ್ಷೆಯ ವರ್ಷವೆಂದು ಬೇಗ ವಾಪಸು ಬಂದರು. ಬಂದವರು ಬೇರೆಯೇ ಆಗಿದ್ದರು. ಮಾತಾಡಿಸಿದರೆ ಉತ್ತರ ಕೊಡುವರು, ಕಣ್ಣು ಮಾತ್ರ ನೆಲ ಬಿಟ್ಟು ಮೇಲೆ ಬರುತ್ತಿರಲಿಲ್ಲ.

ಗುಂಪಿನವರಿಗೆ ಮೊದಮೊದಲು ಮರುಕವಿತ್ತು. ಆಮೇಲಾಮೇಲೆ ಕಸಿವಿಸಿ. ಒಂದು ಶುಕ್ರವಾರ ಹಿರಿಯರೊಬ್ಬರು ಎಲ್ಲರ ಮುಂದೆ ಹೇಳಿಯೇಬಿಟ್ಟರು.

“ಎಂತ ಟೀಚರ್, ನೀವೇ ಹೀಗೆ ಕೂತರೆ ಹೇಗೆ? ಅವರು ದೇವರ ಹತ್ತಿರ ಇದ್ದಾರೆ. ಯಾವಾಗಲೂ ಸಂತೋಷವಾಗಿರಬೇಕು ಅಂತ ನೀವೇ ಕಲಿಸಿದ್ದಲ್ವಾ?”

ನನಗೆ ತಡೆಯಲಾಗಲಿಲ್ಲ. ಟೀಚರೇ ಹಿಂದೆ ಕಲಿಸಿದ್ದ ಗ್ರೀಕ್ ಪದವೊಂದು ನೆನಪಾಯಿತು. ಕತೇಫೆಯಾ. ಮಂಕು ಕವಿದ ಮುಖ ಎಂದು ಅರ್ಥ. “ಅಂಕಲ್, ಯಾಕೋಬನ ಪತ್ರಿಕೆಯಲ್ಲಿ ನಗು ಬಿಟ್ಟು ಅಳಿ, ಸಂತೋಷ ಬಿಟ್ಟು ಮಂಕಾಗಿ ಅಂತಲೂ ಉಂಟಲ್ಲ. ಟೀಚರ್ ಹೀಗಿದ್ದರೆ ತಪ್ಪೆಂತ?” ಎಂದೆ.

ಟೀಚರ್ ನನ್ನನ್ನೇ ತಡೆದರು. “ಇಲ್ಲ ಮಾರಾಯ್ತಿ, ಅದು ನನಗೆ ಹೇಳಿದ್ದಲ್ಲ. ಸೊಕ್ಕಿನಲ್ಲಿ ನಗುತ್ತಿದ್ದವರಿಗೆ, ಪಶ್ಚಾತ್ತಾಪ ಪಡಿ ಅಂತ ಹೇಳಿದ್ದು. ನಾನು ತಪ್ಪು ಮಾಡಿ ತಲೆ ತಗ್ಗಿಸಿದ್ದಲ್ಲ.”

ಹಿರಿಯರು ಸರಿಯೆನ್ನುವಂತೆ ತಲೆಯಾಡಿಸಿದರು. ನನಗೆ ಬೇಜಾರಾಯಿತು, ಟೀಚರ ಪರವಾಗಿ ಮಾತಾಡಿದರೆ ಅವರೇ ಹೀಗೆನ್ನುತ್ತಾರಲ್ಲ ಎಂದು. ಟೀಚರ್ ನೆಲ ನೋಡುತ್ತಲೇ ಮುಂದುವರಿಸಿದರು.

“ಹೊಸ ಒಡಂಬಡಿಕೆಯಲ್ಲಿ ಕತೇಫೆಯಾ ಅನ್ನುವ ಪದ ಬರುವುದು ಅದೊಂದೇ ಕಡೆ. ಆದರೆ ಗ್ರೀಕರು ಹೊರಗೂ ಅದನ್ನು ಬಳಸುತ್ತಿದ್ದರು. ನಾಚಿಕೆಯಾದಾಗ, ದುಃಖವಾದಾಗ ಕಣ್ಣು ಕೆಳಗೆ ಬೀಳ್ತದಲ್ಲ, ಆ ಮುಖಕ್ಕೆ. ಹೀಗಿರಲಿಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ. ಎಂದೋ ಒಂದು ದಿನ ಯಾರೋ ಇಂಥ ಮುಖವನ್ನು ಸರಿಯಾಗಿ ನೋಡಿ ಅದಕ್ಕೊಂದು ಹೆಸರಿಟ್ಟಿದ್ದಾರಲ್ಲ... ಅಷ್ಟು ಸಾಕು.”

ಅವತ್ತು ಕೊನೆಯ ಪ್ರಾರ್ಥನೆ ಬೇಗ ಮುಗಿಯಿತು.

ಮುಂದಿನ ವಾರದಿಂದ ಗುಂಪು ಬೇರೆ ಮನೆಯಲ್ಲಿ ಸೇರತೊಡಗಿತು. ಜಗಳವೇನೂ ಆಗಲಿಲ್ಲ, ಟೀಚರಿಗೆ ವಿಶ್ರಾಂತಿ ಬೇಕು ಎಂದರು, ಅಷ್ಟೆ. ನಾನು ಎದುರಿನ ಬಾಗಿಲು ತಟ್ಟುತ್ತಿದ್ದೆ. ಅವರು ಚಹಾ ಮಾಡುವರು. ಇಬ್ಬರೂ ಸುಮ್ಮನೆ ಕೂರುತ್ತಿದ್ದೆವು. ನಾನು ಅವರನ್ನು ನಗಿಸಲು ಹೋಗಲಿಲ್ಲ.

ಮಗಳ ಪರೀಕ್ಷೆ ಮುಗಿದದ್ದೇ ವೀಸಾ ರದ್ದು ಮಾಡಿಸಿ ಮಂಗಳೂರಿಗೆ ಹೊರಟರು. ಆಮೇಲೆ ಫೋನಿನಲ್ಲಷ್ಟೇ ಮಾತು. ಹೋದ ವರ್ಷ ಒಮ್ಮೆ, “ಈಗ ಹೇಗಿದ್ದೀರಿ ಟೀಚರ್?” ಎಂದು ಕೇಳಿದೆ.

“ಎದುರು ಮನೆ ಗೇಟಿನವರೆಗೆ ನೋಡ್ತೇನೆ ಈಗ. ಆಕಾಶ ಇನ್ನೂ ದೂರ ಉಂಟು.”

ಅದರ ನಂತರ ಬಂದದ್ದು ಮಗಳ ಫೋನ್. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು...

ಗುಂಪು ಈಗಲೂ ಸೇರುತ್ತದೆ. ನಾನೂ ಹೋಗುತ್ತೇನೆ. ಒಳ್ಳೆಯ ಜನ, ಒಳ್ಳೆಯ ಹಾಡುಗಳು. ಓದುವಾಗ ಯಾವುದಾದರೂ ಪದ ಅರ್ಥವಾಗದಿದ್ದರೆ ಎಲ್ಲರೂ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತಾರೆ. ನಾನೂ ದಾಟುತ್ತೇನೆ. ತಡೆದು ನಿಲ್ಲಿಸುವವರು ಇಲ್ಲ.