ಅರವತ್ತೊಂದನೆಯ ಗೆರೆ

ನಮ್ಮ ಕಾಲೇಜಿನ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಲೇಸರ್ ಮೇಷ್ಟ್ರ ಎದುರು ಯಾರೂ ಜೋರಾಗಿ ಕೆಮ್ಮುವಂತಿಲ್ಲ. ಕೆಮ್ಮಿದರೆ, "ಮೆಲ್ಲಗೆ ಸ್ವಾಮೀ, ಕನ್ನಡಿ ಅಲ್ಲಾಡುತ್ತೆ" ಎನ್ನುತ್ತಾರೆ. ಅವರ ಮೇಜಿನ ಮೇಲೆ, ರೆಪ್ಪೆ ಬಡಿಯುವ ಹೊತ್ತಿನ ಲಕ್ಷ ಕೋಟಿಯಲ್ಲೊಂದು ಪಾಲೂ ಉಳಿಯದ ಲೇಸರ್ ಮಿಂಚು ಅನಿಲಕ್ಕೆ ಬಡಿಯುತ್ತದೆ. ಅದರಿಂದ ಹತ್ತಾರು ಪಟ್ಟು ವೇಗವಾಗಿ ಕಂಪಿಸುವ ಹೊಸ ಬೆಳಕು ಹೊಮ್ಮುತ್ತದೆ. ಅದು ಕಣ್ಣಿಗೆ ಕಾಣದು, ಗಾಳಿ ಸೋಕಿದರೆ ಉಳಿಯದು. ಕಂಪ್ಯೂಟರ್ ಪರದೆಯ ಮೇಲೆ, ಎಷ್ಟನೆಯ ಪಟ್ಟು ಎಂದು ತೋರಿಸುವ ಗೆರೆಗಳಾಗಿ ಮಾತ್ರ ಮೂಡುತ್ತದೆ. ಮೇಷ್ಟ್ರು ಕಾಯುತ್ತಿದ್ದುದು ಅರವತ್ತೊಂದು ಪಟ್ಟಿನ ಗೆರೆಗೆ. ಗಾಳಿ ಹೀರಿ ತೆಗೆಯುವ ಪಂಪಿನ ಪಕ್ಕದಲ್ಲೇ ಊಟದ ಡಬ್ಬಿ ಬಿಚ್ಚಿ, "ಏನಮ್ಮಾ, ಇವತ್ತೂ ಮುನಿಸಾ?" ಎಂದು ಯಂತ್ರವನ್ನು ಮಾತಾಡಿಸುತ್ತಾರೆ. ತಮ್ಮ ಮದುವೆಯ ಮಾತೆತ್ತಿದ ಅಕ್ಕನಿಗೆ ವರ್ಷವರ್ಷವೂ "ಅರವತ್ತೊಂದನೇ ಗೆರೆಯೊಂದು ಬಂದುಬಿಡ್ಲಿ ಅಕ್ಕಾ" ಎಂದರು. ಕೊನೆಗೆ ಅಕ್ಕನೂ ಕೇಳುವುದನ್ನು ಬಿಟ್ಟರು. ಹನ್ನೊಂದು ವರ್ಷದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಆ ಗೆರೆ ಮೂಡಿತು. ಮೇಷ್ಟ್ರು ಮೆಟ್ಟಿಲು ಹಾರಿಕೊಂಡು ಮೇಲೆ ಬಂದರೆ ಕಟ್ಟಡದಲ್ಲಿ ನರಪಿಳ್ಳೆಯಿಲ್ಲ. ಗೇಟಿನಲ್ಲಿ ಹೊಸದಾಗಿ ಸೇರಿದ ಕಾವಲುಗಾರನೊಬ್ಬನೇ ಇದ್ದ. "ಹುಟ್ತು ಕಣಪ್ಪಾ! ಹನ್ನೊಂದು ವರ್ಷ ಕಾದಿದ್ದೆ, ಕೊನೆಗೂ ಹುಟ್ತು!" ಎಂದು ಅವನ ಕೈ ಹಿಡಿದುಕೊಂಡರು. ಅವನ ಮುಖ ಅರಳಿತು. "ತುಂಬಾ ಸಂತೋಷ ಸಾರ್! ಗಂಡೋ, ಹೆಣ್ಣೋ?" ಮೇಷ್ಟ್ರು ಒಮ್ಮೆ ಕಟ್ಟಡದ ಕಡೆ ತಿರುಗಿ ನೋಡಿದರು. ಆಮೇಲೆ "ಹೆಣ್ಣು" ಎಂದು ಮೆಲ್ಲಗೆ ಹೇಳಿ, ಹಿಡಿದ ಕೈ ಬಿಡದೆ ಅವನ ಬೆಂಚಿನ ಮೇಲೆ ಕುಳಿತುಕೊಂಡರು.